ನೆಲಮಾಳಿಗೆಯ ಗೋಡೆಯೂ ದಾರಿ ಹೇಳಬಲ್ಲದು

ಪಟ್ಟಣದ ದೊಡ್ಡ ಕಟ್ಟಡಗಳ ಅಡಿಯಲ್ಲಿರುವ ಕಾರು ನಿಲುಗಡೆಗೆ ಇಳಿದವರಿಗೆಲ್ಲ ಒಂದು ಅನುಭವವುಂಟು. ಎತ್ತ ನೋಡಿದರೂ ಬೂದುಬಣ್ಣದ ಕಾಂಕ್ರೀಟು, ಒಂದೇ ಅಚ್ಚಿನ ಕಂಬಗಳು, ಮಂಕು ಬೆಳಕು. ಸೂರ್ಯನೂ ಕಾಣನು, ಬೀದಿಯೂ ಕಾಣದು. ತಮ್ಮ ಕಾರನ್ನು ಹುಡುಕುತ್ತ ಕಂಬದಿಂದ ಕಂಬಕ್ಕೆ ಅಲೆಯುವವರನ್ನು ಕಂಡು ನಾವು ನಗುತ್ತೇವೆ. ಆದರೆ ಹೊರದಾರಿ ತಿಳಿಯದ ಚಾಲಕನು ತಟ್ಟನೆ ಕಾರನ್ನು ಹಿಂದಕ್ಕೆ ಬಿಟ್ಟಾಗ, ಅಲ್ಲಿ ಮಗುವಿನ ಕೈಹಿಡಿದ ತಾಯಿಯೊಬ್ಬಳು ನಡೆಯುತ್ತಿದ್ದರೆ ಗತಿಯೇನು? ಇಂತಹ ಸ್ಥಳದಲ್ಲಿ ಬಣ್ಣಕ್ಕೂ ಅಕ್ಷರಕ್ಕೂ ಹಣ ಸುರಿಯುವುದು ವೃಥಾ ಆಡಂಬರವೆಂದು ಹಲವರು ಭಾವಿಸಿದ್ದಾರೆ. ಆ ಭಾವನೆ ತಪ್ಪೆಂಬುದು ನಮ್ಮ ಅಭಿಪ್ರಾಯ.

ನಿದರ್ಶನಕ್ಕೆ ಆಸ್ಟ್ರೇಲಿಯದ ಮೆಲ್ಬರ್ನ್ ನಗರವನ್ನು ನೋಡೋಣ. ಅಲ್ಲಿ 2006ರಲ್ಲಿ ಪೂರ್ಣಗೊಂಡ, 297 ಮೀಟರು ಎತ್ತರದ ಯುರೇಕಾ ಗೋಪುರದ ಕಾರು ನಿಲುಗಡೆಗಾಗಿ ಆಕ್ಸೆಲ್ ಪೀಮೊಲರ್ ಎಂಬ ವಿನ್ಯಾಸಕಾರರು ಎಮರಿ ಸ್ಟುಡಿಯೊದೊಡನೆ ರಚಿಸಿದ ಬರಹ ಲೋಕಪ್ರಸಿದ್ಧವಾಯಿತು. ಒಳಗೆ, ಹೊರಗೆ, ಮೇಲೆ, ಕೆಳಗೆ ಎಂಬರ್ಥದ ಇಂಗ್ಲಿಷ್ ಪದಗಳನ್ನು ಕಡುಬಣ್ಣಗಳಲ್ಲಿ ಗೋಡೆ ನೆಲಗಳ ಮೇಲೆಲ್ಲ ಹರಡಿ ಬರೆಯಲಾಯಿತು. ಪಕ್ಕದಿಂದ ನೋಡಿದರೆ ಅವು ಅರ್ಥವಿಲ್ಲದ ಪಟ್ಟೆಗಳು. ಚಾಲಕನು ತಕ್ಕ ಸ್ಥಾನವನ್ನು ಮುಟ್ಟಿದೊಡನೆ ಚೂರುಗಳೆಲ್ಲ ಒಂದುಗೂಡಿ, ಪದವು ಕಣ್ಣೆದುರು ನೆಟ್ಟಗೆ ನಿಂತಂತೆ ತೋರುತ್ತದೆ.

ಇದೇನು ಇಂದ್ರಜಾಲವೇ? ಬೆಳಕು ಸರಳರೇಖೆಯಲ್ಲಿ ಚಲಿಸುತ್ತದೆಂಬ ಪ್ರೌಢಶಾಲೆಯ ಪಾಠವೇ ಇದರ ಗುಟ್ಟು. ಚಾಲಕನ ಕಣ್ಣು ನೆಲದಿಂದ 1.2 ಮೀಟರು ಮೇಲಿದೆಯೆಂದು ಇಟ್ಟುಕೊಳ್ಳೋಣ. 12 ಮೀಟರು ದೂರದಲ್ಲಿ 30 ಸೆಂಟಿಮೀಟರು ಎತ್ತರದ ಅಕ್ಷರವೊಂದು ನಿಂತಂತೆ ಅವನಿಗೆ ಕಾಣಬೇಕು. ಕಣ್ಣಿನಿಂದ ಅಕ್ಷರದ ತುದಿಗೆ ಗೆರೆಯೆಳೆದು ಮುಂದುವರಿಸಿದರೆ ಅದು 16 ಮೀಟರು ದೂರದಲ್ಲಿ ನೆಲವನ್ನು ಸೇರುತ್ತದೆ. ಸಮರೂಪ ತ್ರಿಭುಜಗಳ ಸಹಾಯದಿಂದ ವಾಚಕರೇ ಇದನ್ನು ಗುಣಿಸಿ ನೋಡಬಹುದು. ಎಂದರೆ ನೆಲದ ಮೇಲೆ ಆ ಅಕ್ಷರವನ್ನು 4 ಮೀಟರು ಉದ್ದಕ್ಕೆ ಎಳೆದು, ತುದಿಯ ಅಗಲವನ್ನೂ ಮೂರನೆಯ ಒಂದು ಪಾಲಿನಷ್ಟು ಹೆಚ್ಚಿಸಿ ಬರೆಯಬೇಕು. ರಸ್ತೆಯ ಮೇಲೆ ಬರೆದ ಅಕ್ಷರಗಳು ನೀಳವಾಗಿರುವುದೂ ಈ ಕಾರಣದಿಂದಲೇ.

ಆದರೆ ಈ ಜಾಣ್ಮೆಗೂ ಮಿತಿಯುಂಟು. ಇಂತಹ ಬರಹ ಒಂದು ಸ್ಥಾನದಲ್ಲಿರುವ ಕಣ್ಣಿಗೆ ಮಾತ್ರ ಸರಿ. ನಡೆದುಬರುವವರಿಗೆ ಅದು ಒಗಟು. ಅವರಿಗಾಗಿ ಕಂಬಗಳ ಮೇಲೆ ಸಾಮಾನ್ಯ ಬರಹವೂ ಬೇಕು. ಮಹಡಿಗೊಂದು ಬಣ್ಣ ಕೊಡುವುದು ಒಳ್ಳೆಯದೇ. ಆದರೆ ಬಣ್ಣವು ದೀಪವನ್ನೂ ಅವಲಂಬಿಸಿದೆಯಷ್ಟೆ. ಕಡಿಮೆ ಒತ್ತಡದ ಸೋಡಿಯಂ ದೀಪವು ಬಹುಮಟ್ಟಿಗೆ 589 ನ್ಯಾನೊಮೀಟರು ತರಂಗದೂರದ ಹಳದಿ ಬೆಳಕನ್ನೇ ಸೂಸುವುದರಿಂದ, ಅದರಡಿಯಲ್ಲಿ ಕೆಂಪೂ ನೀಲಿಯೂ ಮಾಸಲು ಛಾಯೆಗಳಾಗುತ್ತವೆ. ಕೆಂಪು ಹಸಿರುಗಳ ಭೇದವನ್ನರಿಯದ ಕಣ್ಣುಳ್ಳವರೂ, ಅದರಲ್ಲಿಯೂ ಗಂಡಸರಲ್ಲಿ, ವಿರಳವೇನಲ್ಲ. ಆದುದರಿಂದ ಬಣ್ಣದೊಡನೆ ಅಂಕೆಯೂ, ಆನೆ, ನವಿಲು, ತಾವರೆಗಳಂತಹ ಚಿತ್ರವೂ ಇರತಕ್ಕದ್ದು. ಓದುಬಾರದ ಅಜ್ಜಿಯೂ "ನಮ್ಮ ಕಾರು ನವಿಲಿನ ಮಹಡಿಯಲ್ಲಿದೆ" ಎಂದು ನೆನಪಿಡಬಲ್ಲಳು.

ಇದಕ್ಕೆಲ್ಲ ಬೇಕಾದ ಬಣ್ಣ, ಕುಂಚಗಳು ಎಲ್ಲ ಊರುಗಳಲ್ಲಿಯೂ ದೊರೆಯುತ್ತವೆ. ದೊರೆಯದಿರುವುದು, ಬರೆಯುವ ಮೊದಲು ಓದುವವನ ಜಾಗದಲ್ಲಿ ಕುಳಿತು ನೋಡುವ ತಾಳ್ಮೆ. ನಮ್ಮ ತರುಣ ವಾಚಕರು ಒಂದು ಪ್ರಯೋಗ ಮಾಡಿ ನೋಡಲಿ. ರಟ್ಟಿನಲ್ಲಿ ಅಕ್ಷರವೊಂದನ್ನು ಕೊರೆದು ತೆಗೆದು, ರಾತ್ರಿ ಅದನ್ನು ಸಣ್ಣ ದೀಪದ ಮುಂದೆ ನಿಲ್ಲಿಸಿ, ನೆಲದ ಮೇಲೆ ಬಿದ್ದ ಬೆಳಕಿನ ಅಂಚನ್ನು ಸೀಮೆಸುಣ್ಣದಿಂದ ಗುರುತಿಸಲಿ. ಬಳಿಕ ರಟ್ಟನ್ನು ತೆಗೆದು, ದೀಪವಿದ್ದ ಎಡೆಯಲ್ಲಿ ಕಣ್ಣಿಟ್ಟು ನೋಡಲಿ. ವಿಕಾರವಾಗಿದ್ದ ಗೆರೆಗಳು ಸುಂದರವಾದ ಅಕ್ಷರವಾಗುವುದನ್ನು ಕಂಡವರು, ನಾಳೆ ಇಂಜಿನಿಯರುಗಳಾದಾಗ, ದಾರಿ ಹೇಳದ ಮೂಕ ಗೋಡೆಗಳನ್ನು ಕಟ್ಟಲಾರರೆಂದು ನಾವು ನಂಬಿದ್ದೇವೆ.