ಸ್ಪೀಕರು ತಪ್ಪ ಮದಲು ಮನೆಯ ಅಜ್ಜಿಯಕ್ಕಳ ಕೇಳಿ



ಮನೆಗೆ ಒಂದು ಗ್ರೈಂಡರು ತಪ್ಪಲೆ ನಾವು ನಾಕು ಅಂಗಡಿ ಸುತ್ತುತ್ತು. ಕಲ್ಲು ಎಷ್ಟು ದೊಡ್ಡ, ಕರೆಂಟು ಎಷ್ಟು ತಿಂತು, ತೊಳವಲೆ ಸುಲಭವೋ ಹೇಳಿ ಹತ್ತು ಸರ್ತಿ ಕೇಳ್ತು. ಆದರೆ ಕಂಪ್ಯೂಟರಿಂಗೆ ಸ್ಪೀಕರು ತಪ್ಪ ವಿಷಯ ಬಂದಪ್ಪಗ “ಅದೆಲ್ಲ ಮಾಣಿಯಂಗೊಕ್ಕೆ ಗೊಂತಿಪ್ಪದು” ಹೇಳಿ ಬಿಟ್ಟುಬಿಡ್ತು. ಇದು ಸರಿ ಅಲ್ಲ ಹೇಳಿ ಎನ್ನ ಅಭಿಪ್ರಾಯ. ಎಂತಕೆ ಹೇಳಿರೆ, ಮಾಣಿಯಂಗೊ ಕಾಲೇಜಿಂಗೋ ಆಫೀಸಿಂಗೋ ಹೋವುತ್ತವು. ತಂದ ಸ್ಪೀಕರಿನ ಇಡೀ ದಿನ ಕೇಳುದು ನಾವುದೆ, ಮನೆಲಿಪ್ಪ ಪ್ರಾಯದವುದೆ.

ಬೀಸಿರೋಡಿನ ಅಂಗಡಿಗೆ ಹೋಗಿ ಕೇಳಿರೆ “2.1 ತೆಕ್ಕೊಳ್ಳಿ, ವೂಫರು ದೊಡ್ಡ ಇದ್ದು” ಹೇಳ್ತವು. ಎರಡು ಹೇಳಿರೆ ಮೇಜಿನ ಮೇಗೆ ಎಡಕ್ಕೂ ಬಲಕ್ಕೂ ಮಡುಗುವ ಸಣ್ಣ ಡಬ್ಬಿಗೊ. ಪಾಯಿಂಟಿನ ಮತ್ತಾಣ ಒಂದು ಹೇಳಿರೆ ಮೇಜಿನ ಅಡಿಲಿ ಕೂಪ ದೊಡ್ಡ ಪೆಟ್ಟಿಗೆ, ಅದುವೇ ಸಬ್‌ವೂಫರು. ಮನುಷ್ಯರ ಕೆಮಿಗೆ 20 ಹರ್ಟ್ಸಿಂದ 20,000 ಹರ್ಟ್ಸಿನ ವರೆಗಾಣ ಶಬ್ದ ಕೇಳ್ತು. ವೂಫರು ನೋಡಿಗೊಂಬದು ಅದರ ತೀರಾ ಕೆಳಾಣ ತುಂಡಿನ ಮಾಂತ್ರ, ಸುಮಾರು 150 ಹರ್ಟ್ಸಿಂದ ಕೆಳ. ಮೃದಂಗದ ತೊಪ್ಪಿಯ ಗುಂಕಾರ, ಸಿನೆಮದ ಬಾಂಬು, ಆಟದ ಗುಂಡು, ಇದೆಲ್ಲ ಅದರ ಪಾಲಿಂದು.

ಹಾಂಗಾರೆ ನಮ್ಮ ಮಾತು ಎಲ್ಲಿ ಇಪ್ಪದು? ಹಳೆ ಲ್ಯಾಂಡ್‌ಲೈನು ಫೋನಿನ ನೆಂಪು ಮಾಡಿಗೊಳ್ಳಿ. ಅದರ ಸರಿಗೆಲಿ ದಾಂಟಿಗೊಂಡಿದ್ದದು 300 ಹರ್ಟ್ಸಿಂದ 3,400 ಹರ್ಟ್ಸಿನ ವರೆಗಾಣ ಸ್ವರ ಮಾಂತ್ರ. ಆದರೂ “ಹಲೋ” ಹೇಳಿಯಪ್ಪಗಳೇ ಅದು ದೊಡ್ಡಬ್ಬೆಯೋ ಅತ್ತಿಗೆಯೋ ಹೇಳಿ ಗೊಂತಾಯ್ಕೊಂಡಿದ್ದತ್ತು. ಅರ್ಧ ಗಂಟೆ ಮಾತಾಡಿರೂ ಅರ್ಥ ಆಗದ್ದೆ ಒಳುದ್ದದು ಕಮ್ಮಿಯೇ. ವೂಫರಿನ ಪಾಲಿನ ಶಬ್ದ ಆ ಫೋನಿಲಿ ಒಂಚೂರೂ ಇತ್ತಿಲ್ಲೆ. ಮಾತು ಗೊಂತಪ್ಪಲೆ ವೂಫರು ಬೇಡ ಹೇಳ್ಲೆ ಇದರಿಂದ ದೊಡ್ಡ ಸಾಕ್ಷಿ ಎಂತ ಬೇಕು?

ಬೇಡದ್ದು ಮಾಂತ್ರ ಅಲ್ಲ, ಹೆಚ್ಚಾದರೆ ಉಪದ್ರವೂ ಅಪ್ಪು. ಪ್ರಾಯ ಆದ ಹಾಂಗೆ ಕೆಮಿ ಮಂದ ಅಪ್ಪದು ಮೇಲಾಣ ಕೊಡಿಂದ. ಗುಡುಗು ಕೇಳ್ತು, ಲಾರಿ ಹೋಪದು ಕೇಳ್ತು. ಸ, ಶ, ತ, ಕ ಹೇಳ್ತ ಸಪೂರದ ಅಕ್ಷರಂಗೊ ಮಾಸಿ ಹೋವುತ್ತು. “ಶಬ್ದ ಕೇಳ್ತು, ಎಂತ ಹೇಳ್ತವು ಹೇಳಿ ಅರ್ಥ ಆವ್ತಿಲ್ಲೆ” ಹೇಳಿ ಅಜ್ಜಿಯಕ್ಕೊ ಹೇಳುದು ಇದನ್ನೇ. ಗಮನ ಇಲ್ಲದ್ದೆ ಹೇಳುದು ಹೇಳಿ ನಾವು ಗ್ರೇಶುತ್ತು. ಅದರ ಮೇಗೆ ಇನ್ನೊಂದು ವಿಷಯ ಇದ್ದು. ಕೆಳಾಣ ಶಬ್ದ ಜೋರಾದರೆ ಅದು ಮೇಲಾಣ ಶಬ್ದವ ಮುಚ್ಚಿಬಿಡ್ತು. ಮೇಲಾಣದ್ದು ಕೆಳಾಣದ್ದರ ಅಷ್ಟು ಮುಚ್ಚುತ್ತಿಲ್ಲೆ. ಹಾಂಗಾಗಿ ಅಜ್ಜಿಗೆ ಕೇಳ್ತಿಲ್ಲೆ ಹೇಳಿ ವೂಫರಿನ ಒಟ್ಟಿಂಗೆ ಇಡೀ ಶಬ್ದವ ದೊಡ್ಡ ಮಾಡಿರೆ ಗುಂಯ್ ಹೇಳುದು ಹೆಚ್ಚಾವುತ್ತು, ಮಾತು ಹೆಚ್ಚಾವುತ್ತಿಲ್ಲೆ.

ನಮ್ಮ ಕಡೆಲಿ ಇದರ ತಾಳಮದ್ದಳೆಲಿ ಚೆಂದಕೆ ಕಾಂಬಲೆ ಸಿಕ್ಕುತ್ತು. ಅದರಲ್ಲಿ ವೇಷ ಇಲ್ಲೆ, ಕೊಣಿವದು ಇಲ್ಲೆ. ಪದ ಆದ ಮತ್ತೆ ಅರ್ಥವೇ ಎಲ್ಲ. ಶೇಣಿ ಗೋಪಾಲಕೃಷ್ಣ ಭಟ್ರ (1918–2006) ಹಳೆ ಕ್ಯಾಸೆಟ್ಟಿನ ಅರ್ಥ ಈಗ ಕಂಪ್ಯೂಟರಿಲಿ ಕೇಳ್ಲೆ ಸಿಕ್ಕುತ್ತು. ಹಳೆ ರೆಕಾರ್ಡಿಂಗು ಆದ ಕಾರಣ ಒಂದು ಗುಂಯ್ ಶಬ್ದ ಮದಲೇ ಇರ್ತು. ಅದಕ್ಕೆ ವೂಫರಿನ ಜೋರು ಕೊಟ್ಟರೆ ಗೋಡೆ ನಡುಗುತ್ತು, ಅರ್ಥ ಮುಳುಗುತ್ತು. ಎಂಗಳ ಅತ್ತೆಗೆ ಪ್ರಾಯ ಎಂಬತ್ತು ದಾಂಟಿತ್ತು. ಪ್ರಸಂಗದ ಪದಂಗೊ ಬಾಯಿಪಾಠ. ವೂಫರು ಜೋರಿದ್ದರೆ ಅವು ರಜ್ಜ ಹೊತ್ತು ಕೂದು, ಮಾತಾಡದ್ದೆ ಎದ್ದು ಒಳ ಹೋವುತ್ತವು. ಅದರ ಕಮ್ಮಿ ಮಾಡಿರೆ ಬಂದು ಕೂದು, ಅರ್ಥಧಾರಿ ಉತ್ತರ ಕೊಡುವ ಮದಲೇ ಇವು ಉತ್ತರ ಹೇಳ್ತವು. ಮನೆಯ ಹಿರಿಯೋರು ಚಾವಡಿಲಿ ಕೂಪದೋ ಒಳ ಹೋಗಿ ಮನುಗುದೋ ಹೇಳುದು ಒಂದು ತಿರುಗಣೆಲಿ ನಿಂದಿದ್ದು. ಇದರ ಸಣ್ಣ ವಿಷಯ ಹೇಳಿ ಎನಗೆ ಕಾಣ್ತಿಲ್ಲೆ.

ಇನ್ನು ನೆರೆಕರೆಯ ಮಾತು. 50 ಹರ್ಟ್ಸಿನ ಶಬ್ದದ ಒಂದು ಅಲೆ ಸುಮಾರು 7 ಮೀಟರು ಉದ್ದ. ಅದರ ನಮ್ಮ ಮನೆಯ ಗೋಡೆ ತಡವಲೆ ಎಡಿಯ. ಮೆಲ್ಕಾರಿಲಿಯೂ ಬೀಸಿರೋಡಿಲಿಯೂ ಈಗ ಫ್ಲಾಟುಗೊ ಆಯಿದು. ಮೇಲಾಣ ಮನೆಯ ವೂಫರು ಕೆಳಾಣ ಮನೆಯ ಬಾಬೆಯ ತೊಟ್ಟಿಲಿಂಗೆ ಮುಟ್ಟುತ್ತು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಲ್ಲಿ ಜನ ವಾಸ ಇಪ್ಪ ಜಾಗೆಗೆ ಹಗಲು 55, ಇರುಳು 45 ಡೆಸಿಬೆಲ್ ಹೇಳಿ ಮಿತಿ ಇದ್ದು. ಇರುಳು ಹೇಳಿರೆ 10 ಗಂಟೆಂದ ಉದಿಯಪ್ಪಗ 6ರ ವರೆಗೆ. ಆದರೆ ಆ ಅಳತೆ ಮನುಷ್ಯರ ಕೆಮಿಯ ಹಾಂಗೆ ಕೆಳಾಣ ಶಬ್ದವ ಕಮ್ಮಿ ಲೆಕ್ಕ ಹಾಕುತ್ತು. ಮೀಟರು ಒಪ್ಪಿರೂ ಬಾಬೆ ಎದ್ದುಗೊಂಗು. ಪರೀಕ್ಷೆಗೆ ಓದುವ ಕೂಸಿಂಗೂ ಅಷ್ಟೇ. ಹಾಂಗಾಗಿ ಕಾನೂನಿಂದ ಮದಲು ನೆರೆಕರೆಯವರ ಮೋರೆ ನೋಡುದು ಒಳ್ಳೆದು.

“ಹಾಂಗಾರೆ ವೂಫರೇ ಬೇಡದೋ?” ಹೇಳಿ ಮನೆಯ ಮಾಣಿಯಂಗೊ ಕೇಳುಗು. ಬೇಡ ಹೇಳಿ ಆನು ಹೇಳ್ತಿಲ್ಲೆ. ಮೇಜಿನ ಮೇಲಾಣ ಸಣ್ಣ ಡಬ್ಬಿಗೆ ಗಾಳಿಯ ದೂಡುವ ಶಕ್ತಿ ಕಮ್ಮಿ. ಬರೇ ಅದರಲ್ಲಿ ಕೇಳಿರೆ ಮೃದಂಗ ತಗಡಿಂಗೆ ಬಡುದ ಹಾಂಗೆ ಕೇಳುಗು. ಕೆಳಾಣ ಕೆಲಸವ ವೂಫರು ತೆಕ್ಕೊಂಡರೆ ಸಣ್ಣ ಡಬ್ಬಿಗೊಕ್ಕೆ ಭಾರ ಕಮ್ಮಿ ಆಗಿ ಅವುದೆ ಒಡಕ್ಕಿಲ್ಲದ್ದೆ ಹಾಡುತ್ತವು. ವೂಫರು ಇರಲಿ, ಆದರೆ ಅದರ ಕಡಿವಾಣ ನಮ್ಮ ಕೈಲಿರೆಕ್ಕು. ಬೇಸಿಂಗೆ ಬೇರೆಯೇ ತಿರುಗಣೆ ಇಪ್ಪದರನ್ನೇ ತೆಕ್ಕೊಳ್ಳಿ. ಆ ತಿರುಗಣೆಯೂ ಕೂದಲ್ಲಿಗೆ ಕೈಗೆ ಸಿಕ್ಕೆಕ್ಕು. ಕೆಲವರಲ್ಲಿ ಅದು ಪೆಟ್ಟಿಗೆಯ ಹಿಂದೆ ಇರ್ತು. ಬೆನ್ನುಬೇನೆ ಇಪ್ಪವು ಮೇಜಿನ ಅಡಿಂಗೆ ಬಗ್ಗಿ ತಿರುಗುಸುದು ಆಗದ್ದ ಮಾತು.

ವಾಟಿನ ಮರುಳಿಂಗೆ ಬೀಳೆಡಿ. ಪಿಎಂಪಿಒ ಹೇಳಿ ಸಾವಿರಗಟ್ಲೆ ವಾಟು ಬರದ್ದರೆ ಅದರ ನಂಬೆಡಿ, ಆ ಲೆಕ್ಕಕ್ಕೆ ಸರಿಯಾದ ಅಳತೆಗೋಲು ಇಲ್ಲೆ. ಆರ್‌ಎಂಎಸ್ ಎಷ್ಟು ಹೇಳಿ ಕೇಳಿ. ಕ್ರಿಯೇಟಿವ್ ಪೆಬಲ್ ಪ್ಲಸ್ ಹೇಳ್ತ ಸಣ್ಣ 2.1 ಸೆಟ್ಟಿಂಗೆ 8 ವಾಟು, ಲಾಜಿಟೆಕ್ ಝಡ್623 ಹೇಳ್ತ ದೊಡ್ಡದಕ್ಕೆ 200 ವಾಟು. ಇಪ್ಪತ್ತೈದು ಪಾಲು ವ್ಯತ್ಯಾಸ ಕಾಣ್ತು. ಆದರೆ ವಾಟು ಹತ್ತು ಪಾಲಾದರೆ ಕೆಮಿಗೆ ಕೇಳುದು ಸುಮಾರು ಎರಡು ಪಾಲು ದೊಡ್ಡ. ವಾಟಿನ ಲೆಕ್ಕಲ್ಲಿ ನೋಡಿರೆ ಇಪ್ಪತ್ತೈದು ಪಾಲು ವಾಟಿಂಗೆ ಮೂರು ಪಾಲು ಶಬ್ದವೂ ಆಗ. ಎರಡಡಿ ದೂರಲ್ಲಿ ಕೂದು ಕೇಳುವೋರಿಂಗೆ ಸಣ್ಣದು ಧಾರಾಳ ಸಾಕು. ಚಾವಡಿ ತುಂಬ ಜೆನ ಕೂದು ಕೇಳ್ತರೆ ಮಾಂತ್ರ ದೊಡ್ಡದರ ಆಲೋಚನೆ ಮಾಡಿ.

ತಂದ ಮತ್ತೆ ಮಡುಗುವ ಕ್ರಮವೂ ಇದ್ದು. ಕೆಳಾಣ ಶಬ್ದ ಯಾವ ಹೊಡೆಂದ ಬತ್ತು ಹೇಳಿ ಕೆಮಿಗೆ ಗೊಂತಾವುತ್ತಿಲ್ಲೆ, ಹಾಂಗಾಗಿ ವೂಫರು ಮೇಜಿನ ಅಡಿಲಿದ್ದರೂ ತೊಂದರೆ ಇಲ್ಲೆ. ಆದರೆ ಗೋಡೆಯ ಮೂಲೆಗೆ ದೂಡಿರೆ ಗುಂಕಾರ ಇಮ್ಮಡಿ ಆದ ಹಾಂಗೆ ಕೇಳುಗು, ರಜ್ಜ ಹೆರ ಎಳದು ಮಡುಗಿ. ಹೆಚ್ಚಿನ ಪೆಟ್ಟಿಗೆಗೊ ಮರದ ಹೊಡಿಯ ಒತ್ತಿ ಮಾಡಿದ ಹಲಗೆದು. ಪಾಣೆಮಂಗ್ಳೂರಿನ ಹಾಂಗಿಪ್ಪ ಹೊಳೆಕರೆಯ ಊರಿಲಿ ಆಟಿಯ ಮಳೆಗೆ ನೆಲವೇ ಬೆಗರುತ್ತು. ಅದರ ಮೇಗೆ ನಾವು ದಿನಾಗುಳೂ ಚೆಂಡಿ ವಸ್ತ್ರಲ್ಲಿ ನೆಲ ಉದ್ದುತ್ತು. ಅಡಿ ಉಬ್ಬಿ, ಬೂಸರು ಹಿಡಿವಲೆ ಅಷ್ಟು ಸಾಕು. ಎರಡು ಮರದ ತುಂಡಿನ ಮೇಗೆ ಎತ್ತರಲ್ಲಿ ಮಡುಗಿ. ಗಾಳಿ ಹೋಪ ಒಟ್ಟೆಯ ಮುಚ್ಚೆಡಿ. ಎರುಗು, ಹಲ್ಲಿ ಅದರ ಒಳ ಬಿಡಾರ ಮಾಡಿದ್ದವೋ ಹೇಳಿ ನೋಡ್ತಾ ಇರಿ. ಪತ್ತನಾಜೆಯ ಆಸುಪಾಸಿನ ಗುಡುಗು ಸಿಡಿಲಿಂಗೆ ಬರೇ ಸ್ವಿಚ್ಚು ಬಂದು ಮಾಡಿರೆ ಸಾಲ, ಪ್ಲಗ್ಗನ್ನೇ ತೆಗದು ಮಡುಗಿ.

ಅಂಗಡಿಗೆ ಹೋಪಗ ಅಜ್ಜಿಯನ್ನೂ ಕರಕ್ಕೊಂಡು ಹೋಗಿ. ಅಂಗಡಿಯವು ಹಾಕುವ ಢಂ ಢಂ ಪದ್ಯ ಬೇಡ ಹೇಳಿ. ಅಲ್ಲಿ ಎಲ್ಲ ಸ್ಪೀಕರೂ ಚೆಂದ ಕೇಳುಗು. ನಿಂಗಳದ್ದೇ ಒಂದು ಪೆನ್‌ಡ್ರೈವಿಲಿ ತಾಳಮದ್ದಳೆಯ ಹಾಸ್ಯದ ಒಂದು ತುಂಡು ತೆಕ್ಕೊಂಡು ಹೋಗಿ. ಬೇಸಿನ ಪೂರ ಕಮ್ಮಿ ಮಾಡ್ಸಿ, ಶಬ್ದ ಮಧ್ಯಮಲ್ಲಿ ಮಡುಗುಸಿ, ಆರು ಅಡಿ ದೂರ ಅಜ್ಜಿಯ ಕೂರ್ಸಿ. ಮತ್ತೆ ಬೇಸಿನ ರಜ್ಜ ರಜ್ಜವೇ ಏರ್ಸಿ. ನೆಗೆ ಮಾಡೆಕ್ಕಾದ ಜಾಗೆಲಿ ಅಜ್ಜಿ ನೆಗೆ ಮಾಡಿದವು ಹೇಳಿ ಆದರೆ ಆ ಸ್ಪೀಕರು ಅಕ್ಕು.