ಹಿಮಾಲಯದ ಹಮಾಲರು

ಬೇಸಿಗೆ ಬಂತೆಂದರೆ ಬಳ್ಳಾರಿಗೂ ಹಿಮಾಲಯದ ಜಾಹೀರಾತು ಬರುತ್ತದೆ. ಬೆಳ್ಳನೆಯ ಶಿಖರ, ನೀಲಿ ಸರೋವರ, ಕೈಯೆತ್ತಿ ನಗುವ ತರುಣ ತರುಣಿಯರು, ಕೆಳಗೆ ದರ. ಆರು ಹಗಲು, ಐದು ರಾತ್ರಿ, ಊಟ, ಡೇರೆ, ಮಾರ್ಗದರ್ಶಕ, ಎಲ್ಲ ಕೂಡಿ ಇಷ್ಟು ಸಾವಿರ. ನಲವತ್ತು ಡಿಗ್ರಿ ಬಿಸಿಲಿನಲ್ಲಿ ಬೆಂದ ಜೀವ ಆ ಚಿತ್ರದ ಮುಂದೆ ಒಂದು ಗಳಿಗೆ ನಿಂತರೆ ತಪ್ಪೇನೂ ಇಲ್ಲ. ನಾವೂ ನಿಂತು ನೋಡಿದ್ದೇವೆ. ನೋಡಿ, ಓದಿ, ಕೇಳುತ್ತೇವೆ: ಆ ಡೇರೆಯನ್ನು ಹದಿನೈದು ಸಾವಿರ ಅಡಿ ಎತ್ತರಕ್ಕೆ ಹೊತ್ತು ಒಯ್ಯುವವನು ಯಾರು? ಅವನ ದಿನಗೂಲಿ ಎಷ್ಟು? ಅವನು ಜಾರಿಬಿದ್ದು ಸತ್ತರೆ ಅವನ ಹೆಂಡತಿ ಮಕ್ಕಳಿಗೆ ಉತ್ತರ ಕೊಡುವವರು ಯಾರು? ದರಪಟ್ಟಿಯಲ್ಲಿ ಬೆಳಗಿನ ಚಹಕ್ಕೂ ಒಂದು ಸಾಲಿದೆ, ಇವನಿಗಿಲ್ಲ.

2024ರ ಜೂನ್ ತಿಂಗಳ ಸುದ್ದಿಯನ್ನು ಓದುಗರು ಮರೆತಿರಲಾರರು. ಬಹುಪಾಲು ನಮ್ಮ ನಾಡಿನವರೇ ಇದ್ದ 22 ಜನರ ಚಾರಣ ತಂಡವೊಂದು ಉತ್ತರಾಖಂಡದ ಸಹಸ್ರತಾಲ್ ಸರೋವರದ ದಾರಿಯಲ್ಲಿ ಹಿಮಗಾಳಿಗೆ ಸಿಕ್ಕಿತು. 9 ಜನ ಸತ್ತರು; 13 ಜನರನ್ನು ಉಳಿಸಿ ತಂದರು. ವಾಯುಸೇನೆಯ ಹೆಲಿಕಾಪ್ಟರುಗಳು ಹಾರಿದವು. ನಮ್ಮ ಕಂದಾಯ ಸಚಿವ ಕೃಷ್ಣ ಬೈರೇಗೌಡರು ಸ್ವತಃ ಡೆಹ್ರಾಡೂನಿಗೆ ಹೋದರು. ಸರಕಾರ ಹೀಗೆ ಓಡಿದ್ದು ಸರಿಯಾಗಿಯೇ ಇದೆ. ಪ್ರತಿ ಪ್ರಜೆಯ ಪ್ರಾಣಕ್ಕೂ ಹೀಗೆಯೇ ಓಡಲಿ ಎಂಬುದಷ್ಟೇ ನಮ್ಮ ಮಾತು.

ಆದರೆ ಆ ವಾರ ನಮ್ಮ ಚಹದಂಗಡಿಗಳಲ್ಲಿ ಕೇಳಿಬಂದ ಮಾತೇ ಬೇರೆ. 'ಉಂಡದ್ದು ಕರಗದವರ ಆಟ, ಅನುಭವಿಸಲಿ' ಎಂದರು. ನಮ್ಮ ಸಂಗಾತಿಗಳಲ್ಲೂ ಕೆಲವರು ಇದಕ್ಕೆ ತಲೆದೂಗಿದರು. ಈ ಮಾತನ್ನು ನಾವು ಸುತರಾಂ ಒಪ್ಪುವುದಿಲ್ಲ. ಸತ್ತವರು ಮಹಾರಾಜರಲ್ಲ, ಗಣಿಧಣಿಗಳಲ್ಲ. ಸಂಬಳಕ್ಕೆ ದುಡಿಯುವವರು, ದುಡಿದು ನಿವೃತ್ತರಾದವರು. ಕುರುಗೋಡಿನ ಗುಡ್ಡ ಹತ್ತಿ ಕೆಳಗಿನ ಹತ್ತಿಯ ಹೊಲ, ಮೆಣಸಿನಕಾಯಿಯ ಹೊಲಗಳನ್ನು ಕಂಡ ಹುಡುಗನಿಗೆ ಇನ್ನೂ ಎತ್ತರದ್ದನ್ನು ನೋಡಬೇಕೆನಿಸಿದರೆ ಅದು ಶ್ರೀಮಂತಿಕೆಯ ರೋಗವಲ್ಲ. ಸಮಾಜವಾದವೆಂದರೆ ಎಲ್ಲರನ್ನೂ ಬಯಲಲ್ಲಿ ಕಟ್ಟಿಹಾಕುವುದೆಂದು ಯಾರು ಹೇಳಿಕೊಟ್ಟರು ಇವರಿಗೆ?

ರೋಗವಿರುವುದು ವ್ಯಾಪಾರದಲ್ಲಿ. ಬಳ್ಳಾರಿ ಸಮುದ್ರಮಟ್ಟದಿಂದ 500 ಮೀಟರ್ ಎತ್ತರದಲ್ಲೂ ಇಲ್ಲ. ಕರ್ನಾಟಕದ ತುತ್ತತುದಿಯಾದ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರ್. ಸಹಸ್ರತಾಲ್ ಅದರ ಇಮ್ಮಡಿಗೂ ಮೇಲೆ. ಅಷ್ಟು ಎತ್ತರದಲ್ಲಿ ಒಂದು ಉಸಿರಿಗೆ ದಕ್ಕುವ ಆಮ್ಲಜನಕ ಸಮುದ್ರತೀರದಲ್ಲಿ ದಕ್ಕುವುದರಲ್ಲಿ ನೂರಕ್ಕೆ ಅರವತ್ತರ ಆಸುಪಾಸು. ದೇಹ ಇದಕ್ಕೆ ಒಗ್ಗಿಕೊಳ್ಳುತ್ತದೆ, ಆದರೆ ತನ್ನದೇ ನಿಧಾನದಲ್ಲಿ. 3,000 ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಪೂರಾ ವಿಶ್ರಾಂತಿ ಬೇಕು ಎಂದು ವೈದ್ಯರು ಹೇಳುತ್ತಾರೆ. ಮೀರಿದರೆ ತಲೆನೋವು, ವಾಂತಿಯಿಂದ ಮೊದಲಾಗಿ ಶ್ವಾಸಕೋಶದಲ್ಲಿ ನೀರು ತುಂಬುವವರೆಗೆ, ಮಿದುಳು ಬಾಯುವವರೆಗೆ ಹೋಗುತ್ತದೆ. ಹವೆ ಕೆಟ್ಟಾಗ ಇದ್ದಲ್ಲಿಯೇ ಇದ್ದು ಕಾಯುವುದಕ್ಕೂ ದಿನ ಬೇಕು. ದಿನವೆಂದರೆ ರಜೆ, ರಜೆ ಮಾಲೀಕನ ಕೈಯಲ್ಲಿ. ಒಂದು ವಾರದ ಮೇಲೆ ರಜೆ ಹುಟ್ಟದ ನೌಕರನಿಗಾಗಿ ಕಂಪನಿಯವನು ಆರು ಹಗಲಿನ ಪೊಟ್ಟಣ ಕಟ್ಟುತ್ತಾನೆ. ವಿಶ್ರಾಂತಿಯ ದಿನವನ್ನು ಕತ್ತರಿಸಿದಷ್ಟೂ ದರ ಇಳಿಯುತ್ತದೆ, ಗಿರಾಕಿ ಹೆಚ್ಚುತ್ತಾನೆ. ಸಹಸ್ರತಾಲ್ ತಂಡದ ಮೇಲೆ ತೀರ್ಪು ಹೇಳಲು ನಾವು ನ್ಯಾಯಾಧೀಶರಲ್ಲ. ಇಡೀ ವ್ಯಾಪಾರದ ಲೆಕ್ಕ ಹೇಳುತ್ತಿದ್ದೇವೆ.

ಇನ್ನು ಹೊರೆಯವನ ವಿಚಾರ. 1953ರ ಮೇ 29ರಂದು ತೇನ್‌ಸಿಂಗ್ ಮತ್ತು ಹಿಲರಿ ಎವರೆಸ್ಟಿನ ತುದಿ ಮುಟ್ಟಿದ ಪಾಠವನ್ನು ಶಾಲೆಯಲ್ಲಿದ್ದಾಗ ನಾವು ಎಷ್ಟೋ ಸಲ ಹೇಳಿದ್ದೇವೆ, ಮಕ್ಕಳು ಚಪ್ಪಾಳೆ ತಟ್ಟಿದ್ದಾರೆ. ಆ ಇಬ್ಬರ ಹಿಂದೆ 350ಕ್ಕೂ ಹೆಚ್ಚು ಕೂಲಿಗಳು ಸಾಮಾನು ಸರಂಜಾಮನ್ನು ಬೆನ್ನ ಮೇಲೆ ಹೊತ್ತು ನಡೆದರೆಂಬುದು ಪುಸ್ತಕದಲ್ಲಿರಲಿಲ್ಲ. 1922ರಲ್ಲಿ ಅದೇ ಪರ್ವತದಲ್ಲಿ ಹಿಮ ಕುಸಿದಾಗ ಸತ್ತವರು ಏಳು ಜನ. ಏಳೂ ಜನ ಹೊರೆಯಾಳುಗಳು. ಬಿಳಿಯ ಸಾಹೇಬರಲ್ಲಿ ಒಬ್ಬನೂ ಇಲ್ಲ.

ಹಳೆಯ ಕಾಲದ ಮಾತಾಯಿತು ಎನ್ನುವವರು 2014ಕ್ಕೆ ಬರಲಿ. ಆ ವರ್ಷದ ಏಪ್ರಿಲ್ 18ರ ಬೆಳಿಗ್ಗೆ ಎವರೆಸ್ಟಿನ ಬುಡದ ಖುಂಬು ಹಿಮಪ್ರವಾಹದಲ್ಲಿ, ಹಣ ತೆತ್ತು ಬಂದ ಗಿರಾಕಿಗಳ ಸಾಮಾನನ್ನು ಮೇಲಿನ ಶಿಬಿರಗಳಿಗೆ ಸಾಗಿಸುತ್ತಿದ್ದ 16 ಜನ ನೇಪಾಳಿ ದುಡಿಮೆಗಾರರು ಹಿಮದಡಿ ಹೂತುಹೋದರು. ಏರುವವರಿಂದ ವರ್ಷವರ್ಷವೂ ಕೋಟಿಗಟ್ಟಲೆ ಪರವಾನಗಿ ಶುಲ್ಕ ಎಣಿಸಿಕೊಳ್ಳುವ ನೇಪಾಳ ಸರಕಾರ ಒಂದೊಂದು ಮನೆಗೆ ಅಂತ್ಯಕ್ರಿಯೆಯ ಖರ್ಚೆಂದು 40,000 ನೇಪಾಳಿ ರೂಪಾಯಿ ಘೋಷಿಸಿತು. ಶೆರ್ಪಾಗಳು ಏನು ಮಾಡಿದರು? ಹೊರೆಯನ್ನು ಕೆಳಗಿಟ್ಟರು. ಸತ್ತವರ ಹೆಣದ ಮೇಲೆ ಈ ವರ್ಷ ನಡೆಯುವುದಿಲ್ಲ, ವಿಮೆ ಏರಿಸಿ, ಪರಿಹಾರ ಕೊಡಿ ಎಂದರು. ಲಕ್ಷಾಂತರ ಡಾಲರ್ ಸುರಿದು ಬಂದವರು ಡೇರೆಯಲ್ಲಿ ಕೂತು ಕೂತು, ನೇಪಾಳದ ಕಡೆಯಿಂದ ಹತ್ತುವ ಯೋಚನೆಯನ್ನೇ ಬಿಟ್ಟು ಬಹುಮಂದಿ ಮನೆಗೆ ಹೋದರು. ಜಗತ್ತಿನ ಅತಿ ಎತ್ತರದ ಕೆಲಸದ ಜಾಗದಲ್ಲಿ ನಡೆದ ಮುಷ್ಕರವದು. ನಮ್ಮ ಕಾರ್ಮಿಕ ಸಂಘಗಳ ಸಭೆಗಳಲ್ಲಿ ಅದರ ಹೆಸರನ್ನು ನಾವು ಒಮ್ಮೆಯೂ ಕೇಳಿಲ್ಲ. ಕೇಳಬೇಕಿತ್ತು.

ಸಿರುಗುಪ್ಪದ ಅಕ್ಕಿ ಗಿರಣಿಯ ಮುಂದೆ ಲಾರಿಗೆ ಚೀಲ ಏರಿಸುವ ಹಮಾಲನಿಗೆ ಈ ಕತೆ ಹೇಳಿ ನೋಡಿ. ಬಿಡಿಸಿ ವಿವರಿಸುವ ಕೆಲಸವೇ ಇರುವುದಿಲ್ಲ. ಚೀಲಕ್ಕೆ ಇಷ್ಟೆಂದು ಕೂಲಿ. ಚೀಲ ಎತ್ತದ ದಿನ ಒಲೆ ಉರಿಯದು. ಸೊಂಟ ಬಿದ್ದರೆ ಗಿರಣಿಯವನು ಬೇರೊಬ್ಬನನ್ನು ಕರೆಯುತ್ತಾನೆ. 1967ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಒಬ್ಬ ಗಂಡಾಳಿನ ಮೇಲೆ 55 ಕಿಲೋಗಿಂತ ಹೆಚ್ಚು ಹೊರಿಸಕೂಡದೆಂದು ಶಿಫಾರಸು ಮಾಡಿತು. ಮಾರುಕಟ್ಟೆಯ ಕಟ್ಟೆಯ ಮೇಲೆ ಅದನ್ನು ಓದಿ ಹೇಳಿದರೆ ನಗುತ್ತಾರೆ. ಇಪ್ಪತ್ತು ದಿನ ದುಡಿದವನಿಗೆ ಒಂದು ದಿನ ಸಂಬಳದ ರಜೆ ಎಂದು 1948ರ ಕಾರ್ಖಾನೆ ಕಾಯ್ದೆ ಬರೆಯಿತು. ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದ ಹಮಾಲನಿಗೆ ಅದರಿಂದೇನು? ಸರಕಾರದ ಗುರುತಿನ ಚೀಟಿಯೊಂದು ಕೆಲವರ ಕಿಸೆಯಲ್ಲಿದೆ. ಗುರುತು ಸಿಕ್ಕಿತು, ಕೂಲಿ ಏರಲಿಲ್ಲ.

ಪರ್ವತಯಾತ್ರೆಗೆ ನಮ್ಮ ಸರಕಾರ ಬೊಕ್ಕಸ ತೆರೆಯುವುದೇ ಇಲ್ಲವೆಂದಲ್ಲ. ಮಾನಸ ಸರೋವರಕ್ಕೆ ಹೋಗಿಬಂದವರಿಗೆ 30,000, ಚಾರ್‌ಧಾಮಕ್ಕೆ ಹೋಗಿಬಂದವರಿಗೆ 20,000 ರೂಪಾಯಿ ಸಹಾಯಧನವನ್ನು ಮುಜರಾಯಿ ಇಲಾಖೆ ಕೊಡುತ್ತ ಬಂದಿದೆ. ಗಮನಿಸಿ, ಹೋಗಿಬಂದ ಮೇಲೆ. ಮಾನಸ ಸರೋವರಕ್ಕೆ ಮೊದಲು ಒಂದೂವರೆ ಲಕ್ಷಕ್ಕೂ ಮೀರಿ ಕೈಯಿಂದ ಎಣಿಸಬಲ್ಲವನಿಗಷ್ಟೇ ಈ ಔದಾರ್ಯ. ಉಂಡವನ ಎಲೆಗೇ ಇನ್ನೊಂದು ಹೋಳಿಗೆ. ಅಷ್ಟು ದೂರ ಬೇಡ, ಹತ್ತಿರದ ಸಂಡೂರಿನ ಬೆಟ್ಟಸಾಲನ್ನಾದರೂ ಬಡವನಿಗೆ ಉಳಿಸಿದರೇ? ಅದಿರಿಗಾಗಿ ಅದನ್ನು ಬಗೆದ ಪರಿಗೆ 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟೇ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಬೇಕಾಯಿತು. ಆಮೇಲೆ ಒಂದೊಂದಾಗಿ ಗಣಿಗಳು ಮತ್ತೆ ಬಾಗಿಲು ತೆರೆದ ಕತೆ ಬೇರೆ, ಅದನ್ನು ಇನ್ನೊಮ್ಮೆ ಬರೆಯುತ್ತೇವೆ.

ಬೆಂಗಳೂರಿನಲ್ಲಿ ಜನರಲ್ ತಿಮ್ಮಯ್ಯನವರ ಹೆಸರಿನ ಸಾಹಸ ಅಕಾಡೆಮಿ ಸರಕಾರದ ಆಶ್ರಯದಲ್ಲೇ ಇದೆ. ಕುರುಗೋಡು, ಸಿರುಗುಪ್ಪ ತಾಲೂಕುಗಳ ಸರಕಾರಿ ಶಾಲೆಯ ಮಕ್ಕಳಿಗೆ, ಹಮಾಲರ ಮಕ್ಕಳಿಗೆ ಅದರ ಶಿಬಿರಗಳಲ್ಲಿ ವರ್ಷಕ್ಕೆ ಎಷ್ಟು ಜಾಗ, ಖರ್ಚು ಯಾರದು? ಈ ಪ್ರಶ್ನೆಯನ್ನು ನಮ್ಮ ಜಿಲ್ಲೆಯ ಶಾಸಕರು ಸದನದಲ್ಲಿ ಎತ್ತಲಿ. ಇಲ್ಲಿಂದ ಜನರನ್ನು ಕರೆದೊಯ್ಯುವ ಪ್ರತಿ ಕಂಪನಿಯೂ ನೋಂದಣಿ ಮಾಡಿಸಿಕೊಳ್ಳಲಿ; ಚಾರಣಿಗನಿಗೆ ಮಾಡಿದಷ್ಟೇ ಮೊತ್ತದ ವಿಮೆಯನ್ನು ಹೊರೆಯವನಿಗೂ ಮಾಡಲಿ.

ಸರಕಾರ ಕಣ್ಣು ತೆರೆಯುವವರೆಗೆ ಕಾಯಬೇಕಾಗಿಲ್ಲ. ಈ ಬೇಸಿಗೆಯಲ್ಲಿ ಹೋಗಲಿರುವ ಸಂಗಾತಿಗಳು ಹಣ ಕಟ್ಟುವ ಮುನ್ನ ಕಂಪನಿಯವನನ್ನು ನಾಲ್ಕು ಮಾತು ಕೇಳಲಿ: ಹೊರೆಯಾಳಿನ ದಿನಗೂಲಿ ಎಷ್ಟು, ಅವನ ಬೆನ್ನಿಗೆ ಎಷ್ಟು ಕಿಲೋ, ಅವನ ವಿಮೆ ಎಷ್ಟು, ಹವೆ ಕೆಟ್ಟರೆ ಕಾಯಲು ಎಷ್ಟು ದಿನ ಇಟ್ಟಿದ್ದೀರಿ? ಉತ್ತರ ಬರಹದಲ್ಲಿ ಬರಲಿ. ಬಾರದಿದ್ದರೆ ಹಣ ಕಟ್ಟಬೇಡಿ. ಬಂದ ಉತ್ತರ, ಬಾರದ ಉತ್ತರ ಎರಡನ್ನೂ ನಮ್ಮ ಕಚೇರಿಗೆ ಕಳುಹಿಸಿ. ಕಂಪನಿಯ ಹೆಸರು ಸಮೇತ ಅಚ್ಚು ಹಾಕುತ್ತೇವೆ.