ಮೂವತ್ತಾರರ ಲೆಕ್ಕ, ಮೂವತ್ತೇಳರ ಚಕ್ರ

ಹೋದ ವಾರ ಪರಿಚಯದ ತಂದೆಯೊಬ್ಬರು ಮಗನ ರಫ್ ನೋಟ್‌ಬುಕ್ ಹಿಡಿದುಕೊಂಡು ಮನೆಗೇ ಬಂದರು. ಹುಡುಗ ದ್ವಿತೀಯ ಪಿ.ಯು. ವಿಜ್ಞಾನ ಓದುತ್ತಿದ್ದಾನೆ. ಪುಸ್ತಕದ ಕೊನೆಯ ಪುಟಗಳಲ್ಲಿ 10, 20, 40, 80 ಎಂದು ಅಂಕಿಗಳ ಸಾಲು, ಪಕ್ಕದಲ್ಲಿ ‘ಕೆಂಪು’, ‘ಕಪ್ಪು’ ಎಂಬ ಗುರುತು. “ಮೇಷ್ಟ್ರೇ, ಇದು ಸಿಲೆಬಸ್‌ನಲ್ಲಿ ಇದೆಯೇ?” ಎಂದು ಕೇಳಿದರು.

ಇಲ್ಲ. ಅದು ರೂಲೆಟ್ ಎಂಬ ಜೂಜಿನ ಲೆಕ್ಕ. ಹುಡುಗ ಮೊಬೈಲ್‌ನಲ್ಲಿ ಆಡುತ್ತಿದ್ದನಂತೆ. ಟ್ಯೂಷನ್ ಫೀಸಿಗೆಂದು ಕೊಟ್ಟ ಹಣದಲ್ಲಿ 1,270 ರೂಪಾಯಿ ಒಂದೇ ಸಂಜೆ ಹೋಗಿತ್ತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದೆ ನಿಜ. ಆದರೆ ಈ ಹುಡುಗ ಕಣ್ಣುಮುಚ್ಚಿ ಆಡಿದವನಲ್ಲ, ಲೆಕ್ಕ ಹಾಕಿ ಆಡಿದವನು. ಲೆಕ್ಕಕ್ಕೆ ಲೆಕ್ಕದಲ್ಲೇ ಉತ್ತರ ಹೇಳಬೇಕಷ್ಟೆ.

ರೂಲೆಟ್ ಎಂದರೆ ಫ್ರೆಂಚ್ ಭಾಷೆಯಲ್ಲಿ ಪುಟ್ಟ ಚಕ್ರ. ಮೊನಾಕೊ ದೇಶದ ಮಾಂಟೆ ಕಾರ್ಲೊ ಈ ಆಟಕ್ಕೆ ಹೆಸರಾದ ಊರು. (ಅಲ್ಲಿನ ಜೂಜುಕಟ್ಟೆಯಲ್ಲಿ ಆ ದೇಶದ ಪ್ರಜೆಗಳೇ ಆಡುವಂತಿಲ್ಲ!) ಚಕ್ರದ ಅಂಚಿನಲ್ಲಿ 0ಯಿಂದ 36ರವರೆಗೆ ಒಟ್ಟು 37 ಗೂಡುಗಳು. ಹದಿನೆಂಟು ಕೆಂಪು, ಹದಿನೆಂಟು ಕಪ್ಪು, ಸೊನ್ನೆ ಮಾತ್ರ ಹಸಿರು. ಚಕ್ರ ಒಂದು ದಿಕ್ಕಿಗೆ ತಿರುಗುವಾಗ ಪುಟ್ಟ ಗುಂಡನ್ನು ಎದುರು ದಿಕ್ಕಿಗೆ ಉರುಳಿಸುತ್ತಾರೆ. ಅದು ವೇಗ ಕಳೆದುಕೊಂಡು ಬೀಳುವ ಗೂಡೇ ಗೆದ್ದ ಸಂಖ್ಯೆ. ಚಕ್ರದಲ್ಲಿ ಸಂಖ್ಯೆಗಳು ಅನುಕ್ರಮವಾಗಿಲ್ಲ. ಸೊನ್ನೆಯ ಅಕ್ಕಪಕ್ಕ 32 ಮತ್ತು 26 ಇರುತ್ತವೆ.

ಮೇಜಿನ ಹಾಸಿನಲ್ಲಿ ಮಾತ್ರ ಅವು ಮಗ್ಗಿ ಬರೆದ ಹಾಗೆ ಕ್ರಮವಾಗಿವೆ. ಸಾಲಿಗೆ ಮೂರರಂತೆ ಹನ್ನೆರಡು ಸಾಲು, ತಲೆಯ ಕಡೆ ಸೊನ್ನೆ. ಬಿಲ್ಲೆಯನ್ನು ಎಲ್ಲಿ ಇಡುತ್ತೀರಿ ಎಂಬುದರ ಮೇಲೆ ಪಣ. ಒಂದು ಸಂಖ್ಯೆಯ ನಡುವೆ ಇಟ್ಟರೆ ಅದೊಂದಕ್ಕೇ. ಎರಡು ಮನೆಗಳ ನಡುವಿನ ಗೆರೆಯ ಮೇಲಿಟ್ಟರೆ ಆ ಎರಡಕ್ಕೆ, ನಾಲ್ಕು ಮನೆ ಕೂಡುವ ಮೂಲೆಯಲ್ಲಿಟ್ಟರೆ ನಾಲ್ಕಕ್ಕೂ. ಒಂದು ಸಾಲಿನ ಮೂರಕ್ಕೆ, ಹನ್ನೆರಡರ ಗುಂಪಿಗೆ, ಕೆಂಪು-ಕಪ್ಪಿಗೆ, ಸರಿ-ಬೆಸಕ್ಕೆ ಕೂಡ ಕಟ್ಟಬಹುದು. ಒಂದು ತಮಾಷೆ ನೋಡಿ. 3, 6, 9 ಎಂದು 36ರವರೆಗೆ ಹೋಗುವ ಉದ್ದ ಸಾಲಿನಲ್ಲಿ ಕೆಂಪು ಎಂಟು, ಕಪ್ಪು ನಾಲ್ಕು. ಪಕ್ಕದ 2, 5, 8ರ ಸಾಲಿನಲ್ಲಿ ಇದು ತಲೆಕೆಳಗು. ಇದರಲ್ಲೇನೋ ಗುಟ್ಟಿದೆ ಎಂದುಕೊಂಡು ತಲೆ ಕೆಡಿಸಿಕೊಂಡವರು ಬಹಳ. ಗುಟ್ಟೇನೂ ಇಲ್ಲ.

ಇರುವ ಗುಟ್ಟು ಬೇರೆ ಕಡೆ ಇದೆ. ಒಂದೇ ಸಂಖ್ಯೆಗೆ ಕಟ್ಟಿ ಗೆದ್ದರೆ ಒಂದಕ್ಕೆ 35 ಲಾಭ. ನಿಮ್ಮ ಬಿಲ್ಲೆಯೂ ಸೇರಿ ಕೈಗೆ 36 ಬರುತ್ತದೆ. ಎರಡಕ್ಕೆ ಕಟ್ಟಿದ್ದರೆ 18, ಮೂರಕ್ಕೆ 12, ನಾಲ್ಕಕ್ಕೆ 9, ಹನ್ನೆರಡಕ್ಕೆ 3, ಕೆಂಪಿಗೆ 2. ಎಲ್ಲವೂ 36ನ್ನು ಸಂಖ್ಯೆಗಳ ಎಣಿಕೆಯಿಂದ ಭಾಗಿಸಿದ್ದು. ಅಂದರೆ ಹಣ ಕೊಡುವ ಲೆಕ್ಕ 36ರದು, ಚಕ್ರದಲ್ಲಿರುವ ಗೂಡು 37! ಎಲ್ಲ ಗೂಡಿಗೂ ಒಂದೊಂದು ಬಿಲ್ಲೆ ಇಟ್ಟು ನೋಡಿ. ಹೋಗುವುದು 37, ಬರುವುದು 36. ಎಲ್ಲಿ ಕಟ್ಟಿದರೂ ಸರಾಸರಿ ನಷ್ಟ ಶೇಕಡಾ 2.7. ಅಮೆರಿಕದ ಚಕ್ರಕ್ಕೆ ಎರಡು ಸೊನ್ನೆಯ ಇನ್ನೊಂದು ಗೂಡೂ ಇದೆ, ಕೊಡುವುದು ಮಾತ್ರ ಅದೇ 36ರ ಲೆಕ್ಕದಲ್ಲಿ. ಅಲ್ಲಿ ನಷ್ಟ ಶೇಕಡಾ 5.26.

ಈಗ ಹುಡುಗನ ಉಪಾಯಕ್ಕೆ ಬರೋಣ. ಕೆಂಪಿಗೆ 10 ರೂಪಾಯಿ ಕಟ್ಟು, ಸೋತರೆ 20, ಮತ್ತೆ ಸೋತರೆ 40. ಯಾವಾಗ ಗೆದ್ದರೂ ಹಿಂದಿನ ನಷ್ಟವೆಲ್ಲ ತೀರಿ 10 ರೂಪಾಯಿ ಲಾಭ. ಗುಣೋತ್ತರ ಶ್ರೇಢಿ ಸರಿಯಾಗೇ ಇದೆ. ಆದರೆ ಏಳು ಸಲ ಸತತವಾಗಿ ಸೋತರೆ ಕಳೆದದ್ದು 1,270. ಎಂಟನೆಯ ಸಲಕ್ಕೆ 1,280 ಬೇಕು, ಜೇಬಿನಲ್ಲಿ ಇರಲಿಲ್ಲ. “ಸರ್, ಆರು ಸಲ ಕಪ್ಪೇ ಬಂತಲ್ಲ, ಏಳನೆಯದು ಕೆಂಪೇ ಬರಬೇಕಿತ್ತು” ಎಂದ. 1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೊದಲ್ಲಿ ಹಾಗೆಯೇ ಎಣಿಸಿದವರು ಕಪ್ಪು ಬಂದಷ್ಟೂ ಕೆಂಪಿಗೆ ಸುರಿದರು. ಅಂದು ಕಪ್ಪು ಸಾಲಾಗಿ 26 ಸಲ ಬಂತು. ಗುಂಡಿಗೆ ಹಿಂದಿನದು ನೆನಪಿರುವುದಿಲ್ಲ.

ಒಂದು ಸಲ ಸೋಲುವ ಸಂಭವನೀಯತೆ 37ರಲ್ಲಿ 19. ಇದನ್ನು ಏಳು ಸಲ ಗುಣಿಸಿದರೆ ಸುಮಾರು 106ರಲ್ಲಿ ಒಂದು ಬರುತ್ತದೆ. 105 ಸಲ ಹತ್ತರಂತೆ ಗಳಿಕೆ 1,050, ಒಂದು ಸಲಕ್ಕೆ ನಷ್ಟ 1,270. ಎಷ್ಟೋ ದಿನ ಹತ್ತು ಹತ್ತು ರೂಪಾಯಿ ಬರುತ್ತಲೇ ಇದ್ದುದರಿಂದಲೇ ಹುಡುಗನಿಗೆ ನಂಬಿಕೆ ಬೆಳೆದದ್ದು.

ಮನೆಯಲ್ಲಿ ಮಾಡಿ ನೋಡಲು ಹೇಳಿ ಕಳಿಸಿದೆ. 37 ಚೀಟಿ, ಒಂದು ಡಬ್ಬಿ, ಹಣದ ಬದಲು ಹುಣಸೆ ಬೀಜ. ತೆಗೆದ ಚೀಟಿಯನ್ನು ಪ್ರತಿ ಸಲ ಮತ್ತೆ ಡಬ್ಬಿಗೆ ಹಾಕಿ ಕುಲುಕಬೇಕು. ತಂಗಿ ಬ್ಯಾಂಕು, ಅಣ್ಣ ಆಟಗಾರ, ಅಪ್ಪ ಲೆಕ್ಕ ಬರೆಯುವವರು. ಭಾನುವಾರ ಹುಡುಗ ಮತ್ತೆ ಬಂದ. “ಸರ್, ಸೊನ್ನೆಯ ಚೀಟಿ ತೆಗೆದುಬಿಟ್ಟರೆ ನಾನು ಗೆಲ್ಲುತ್ತೇನಾ?” ಎಂಬುದು ಅವನ ಹೊಸ ಪ್ರಶ್ನೆ. ಒಳ್ಳೆಯ ಪ್ರಶ್ನೆ. ಆಗ ಏಳು ಸಲ ಸತತ ಸೋಲುವುದು 128ರಲ್ಲಿ ಒಂದು ಬಾರಿ. ಉಳಿದ 127 ಬಾರಿ ಹತ್ತರಂತೆ ಎಷ್ಟಾಯಿತು ಎಂದು ಕೇಳಿದೆ. ಪೆನ್ಸಿಲ್ ತೆಗೆದುಕೊಂಡು ಗುಣಿಸಿದ. 1,270.